ಕಾರಿನ ಮುಂದಿನ ಗ್ಲಾಸ್ ಬದಲಾಯಿಸಿದ ಮೇಲೆ ಸಿಳ್ಳೆ ಸದ್ದು, ಒದ್ದೆ ಮ್ಯಾಟ್, ರಾತ್ರಿ ಎರಡೆರಡು ಲೈಟು: ಏನು ಮಾಡಲಿ?

ಕುವೆಂಪುನಗರ_ಕೆಮಿಸ್ಟ್ರಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನಲ್ಲಿ, ಪಾಠ ಮಾಡುವುದು ಮಂಡ್ಯದ ಕಾಲೇಜಿನಲ್ಲಿ. ದಿನಾ ಹೋಗಿ ಬರುವುದು ಸುಮಾರು 90 ಕಿಲೋಮೀಟರ್. ಬೆಳಿಗ್ಗೆ ಮಂಡ್ಯದ ಕಡೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಮೈಸೂರಿಗೆ ಬರುವಾಗಲೂ ಎದುರಿಗೇ. ಹಾಗಾಗಿ ಮುಂದಿನ ಗ್ಲಾಸ್ ಚೆನ್ನಾಗಿರುವುದು ನನಗೆ ತುಂಬಾ ಮುಖ್ಯ. ಗಾಡಿ 2021ರ ಹ್ಯಾಚ್‌ಬ್ಯಾಕ್, ಮುಂದೆ ಎರಡು ಏರ್‌ಬ್ಯಾಗ್ ಇವೆ.

ಹೋದ ತಿಂಗಳು ಶ್ರೀರಂಗಪಟ್ಟಣ ದಾಟಿದ ಮೇಲೆ ಜಲ್ಲಿ ಲಾರಿಯಿಂದ ಒಂದು ಕಲ್ಲು ಸಿಡಿದು ಗ್ಲಾಸಿಗೆ ಬಡಿಯಿತು. ಹೆಸರುಕಾಳಿನಷ್ಟು ಚುಕ್ಕೆ, ಅಷ್ಟೇ. ಎರಡು ದಿನ ಸುಮ್ನೆ ಬಿಟ್ಟೆ. ಮೂರನೇ ದಿನ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರಿಗೆ ಎಸಿ ಜೋರಾಗಿ ಹಾಕಿದೆ. ಕಣ್ಣೆದುರೇ ಬಿರುಕು ಅಂಚಿನವರೆಗೂ ಓಡಿತು. ಪರಿಚಯದವರು ಹೇಳಿದ ಅಂಗಡಿಯಲ್ಲಿ ಹೊಸ ಗ್ಲಾಸ್ ಹಾಕಿಸಿದೆ. ಒಂದೂವರೆ ಗಂಟೆಯಲ್ಲಿ ಗಾಡಿ ಕೈಗೆ ಕೊಟ್ಟರು.

ಆಮೇಲೆ ತೊಂದರೆ ಶುರುವಾಯಿತು. ಗಂಟೆಗೆ 80 ದಾಟಿದರೆ ಎಡಗಡೆ ಪಿಲ್ಲರ್ (ಗ್ಲಾಸಿನ ಪಕ್ಕದ ಕಂಬ) ಹತ್ತಿರ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು. ಮಳೆ ಬಂದ ಮಾರನೇ ದಿನ ಎಡಗಡೆ ಸೀಟಿನ ಮುಂದಿನ ಮ್ಯಾಟ್ ಒದ್ದೆ. ಎಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದು ರಾತ್ರಿಯ ತೊಂದರೆ. ಎದುರಿಂದ ಬರುವ ಲೈಟ್ ಒಂದರ ಮೇಲೊಂದು ಎರಡಾಗಿ ಕಾಣುತ್ತದೆ, ಸುತ್ತ ಮಂಜು ಕವಿದ ಹಾಗೆ ಬೆಳಕು ಹರಡುತ್ತದೆ. ಈಗ ಕಬ್ಬು ಸಾಗಿಸುವ ಕಾಲ. ಸರ್ವಿಸ್ ರಸ್ತೆಯಲ್ಲಿ ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಒಂದು ತೀರಾ ಹತ್ತಿರ ಹೋಗುವವರೆಗೂ ನನಗೆ ಕಾಣಲೇ ಇಲ್ಲ. ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು.

ಅಂಗಡಿಯವರು "ಹೊಸದಲ್ವಾ ಮೇಡಂ, ಸೆಟ್ ಆಗಬೇಕು" ಅಂದರು. ಹೊರಗಿನಿಂದ ನಾನೇ ಸಿಲಿಕಾನ್ ಹಚ್ಚಿದರೆ ಸಾಕಾ? ಇನ್ನೊಂದು ಮಾತು. ಮೊದಲ ಮೂರು ದಿನ ಕಾರಿನೊಳಗೆ ವಿನೆಗರ್ ತರ ಹುಳಿ ವಾಸನೆ ಇತ್ತು. ಲ್ಯಾಬಿನ ಅಸಿಟಿಕ್ ಆಸಿಡ್ ನೆನಪಾಯಿತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹೂಟಗಳ್ಳಿ_77:

ಮೇಡಂ, ನನ್ನ ಹಳೇ ಕಾರಿಗೂ ಹೀಗೇ ಆಗಿತ್ತು. ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಹೊರಗಿನಿಂದ ಎಳೆದೆ, ನೀರು ನಿಂತಿತು. ರಾತ್ರಿ ಕಣ್ಣಿಗೆ ಹೊಡೆಯುವುದಕ್ಕೆ ಗ್ಲಾಸಿಗೆ ತೆಳು ಫಿಲಂ ಅಂಟಿಸಿ ನೋಡಿ. ಎಸಿ ನೀರಿನ ಪೈಪ್ ಕಟ್ಟಿಕೊಂಡರೂ ಎಡಗಡೆ ಮ್ಯಾಟ್ ಒದ್ದೆ ಆಗುತ್ತದೆ, ಅದನ್ನೂ ಮರೆಯಬೇಡಿ.

ಗ್ಲಾಸ್_ಮಂಡ್ಯ:

ಮೇಡಂ, ದಯವಿಟ್ಟು ಸಿಲಿಕಾನ್ ಹಚ್ಚಬೇಡಿ. 17 ವರ್ಷದಿಂದ ಗ್ಲಾಸ್ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ನೀವು ಕೊನೆಯಲ್ಲಿ ಬರೆದ ಆ ಹುಳಿ ವಾಸನೆಯೇ ನನಗೆ ದೊಡ್ಡ ಚಿಂತೆ.

ಕಾರಿನ ಮುಂದಿನ ಗ್ಲಾಸ್ ಅಂಟಿಸಲು ಪಾಲಿಯುರಿಥೇನ್ ಅಂಟು ಬೇಕು. ನಾವು ಪಿಯು ಸೀಲೆಂಟ್ ಅನ್ನುತ್ತೇವೆ. ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ರಬ್ಬರಿನ ಹಾಗೆ ಎಳೆತ ತಡೆಯುತ್ತದೆ. ಅದಕ್ಕೆ ವಿನೆಗರ್ ವಾಸನೆ ಇರುವುದಿಲ್ಲ. ವಿನೆಗರ್ ವಾಸನೆ ಬರುವುದು ಬಾತ್‌ರೂಮಿಗೆ, ಕಿಟಕಿಗೆ ಹಾಕುವ ಒಂದು ಜಾತಿಯ ಸಿಲಿಕಾನಿಗೆ. ಒಣಗುವಾಗ ಅದು ಬಿಡುವುದು ನೀವು ಹೇಳಿದ ಅಸಿಟಿಕ್ ಆಸಿಡ್ಡನ್ನೇ. ಅದು ನೀರು ತಡೆಯಬಹುದು, ಗ್ಲಾಸ್ ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಬಣ್ಣ ಕೆರೆದ ಕಡೆ ತಗಡಿಗೆ ತುಕ್ಕನ್ನೂ ತರುತ್ತದೆ. ಒಮ್ಮೆ ಸಿಲಿಕಾನ್ ತಾಗಿದ ಜಾಗಕ್ಕೆ ಆಮೇಲೆ ಪಿಯು ಸರಿಯಾಗಿ ಹಿಡಿಯುವುದೂ ಇಲ್ಲ. ನೀವು ಮೇಲಿಂದ ಇನ್ನಷ್ಟು ಹಚ್ಚಿದರೆ ನಾಳೆ ರಿಪೇರಿ ಮಾಡುವವನಿಗೆ ಕೆಲಸ ಎರಡರಷ್ಟು.

ಜನ ಗ್ಲಾಸ್ ಅಂದರೆ ಗಾಳಿ ಮಳೆ ತಡೆಯುವ ಕಿಟಕಿ ಅಂದುಕೊಳ್ಳುತ್ತಾರೆ. ಹಳೇ ಕಾಲದ ಗಾಡಿಗಳಲ್ಲಿ ರಬ್ಬರ್ ಬೀಡಿಂಗಿನಲ್ಲಿ ಕೂರಿಸುತ್ತಿದ್ದರು, ಆಗ ಸ್ವಲ್ಪ ಮಟ್ಟಿಗೆ ಸರಿ. ಈಗಿನ ಕಾರಿನಲ್ಲಿ ಗ್ಲಾಸ್ ಬಾಡಿಯ ಒಂದು ಭಾಗ. ಗಾಡಿ ಪಲ್ಟಿಯಾದಾಗ ಚಾವಣಿ ಕುಸಿಯದಂತೆ ಅದೂ ಹೆಗಲು ಕೊಡುತ್ತದೆ. ಇನ್ನು ಏರ್‌ಬ್ಯಾಗ್. ಎಷ್ಟೋ ಕಾರುಗಳಲ್ಲಿ ಎಡಗಡೆಯ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನ ಮೇಲ್ಭಾಗದಿಂದ ಎದ್ದು, ಗ್ಲಾಸಿಗೆ ಬಡಿದು, ಅಲ್ಲಿಂದ ಕೂತವರ ಕಡೆ ತಿರುಗುತ್ತದೆ. ಗ್ಲಾಸೇ ಕಿತ್ತು ಹೋದರೆ ಏರ್‌ಬ್ಯಾಗ್‌ಗೆ ಬೆನ್ನು ಎಲ್ಲಿದೆ? ಅದು ಹೊರಗೆ ಹೋಗುತ್ತದೆ, ಕೂತವರು ಅದರ ಹಿಂದೆ ಹೋಗುತ್ತಾರೆ. ನಿಮ್ಮ ಪಕ್ಕ ಕೂರುವವರು ಯಾರು ಅಂತ ಒಂದು ಸಲ ಯೋಚಿಸಿ ಮೇಡಂ.

ಆದರೆ ಊಹೆ ಮೇಲೆ ಬಿಚ್ಚಿಸುವುದು ಬೇಡ. ಮನೆಯಲ್ಲೇ ನೋಡಬಹುದು.

ನೀರಿಗೆ: ಹೂಟಗಳ್ಳಿಯವರು ಹೇಳಿದ ಎಸಿ ಪೈಪಿನ ಮಾತು ಸರಿ. ಎರಡು ದಿನ ಎಸಿ ಹಾಕದೆ ಓಡಿಸಿ, ಮ್ಯಾಟ್ ಒಣಗಿಸಿ. ಆಮೇಲೆ ಒಳಗೆ ಒಬ್ಬರನ್ನು ಟಾರ್ಚ್ ಕೊಟ್ಟು ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನಿಧಾನಕ್ಕೆ ನೀರು ಬಿಡಿ. ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲೆ ಹೋಗಿ. ಮೇಲಿಂದ ಬಿಟ್ಟರೆ ಎಲ್ಲಿಂದ ನುಗ್ಗಿತು ಅಂತ ಗೊತ್ತಾಗುವುದಿಲ್ಲ.

ಸಿಳ್ಳೆಗೆ: ಗ್ಲಾಸಿನ ಎಡ ಅಂಚು ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸಿ ಅದೇ ವೇಗದಲ್ಲಿ ಓಡಿಸಿ. ಸದ್ದು ನಿಂತರೆ ಸಂದು ಅಲ್ಲೇ ಇದೆ. ಜಾಗ ಇನ್ನೂ ಸರಿಯಾಗಿ ಗೊತ್ತಾಗಬೇಕು ಅಂದರೆ ಕಿಟಕಿ ಎಲ್ಲ ಮುಚ್ಚಿ, ಹೊರಗಿನ ಗಾಳಿ ಒಳಗೆ ಬರುವ ಹಾಗಿಟ್ಟು ಬ್ಲೋವರ್ ಪೂರ್ತಿ ಹಾಕಿ. ಅಂಚಿಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದ ಕಡೆ ಗಾಳಿ ಹೊರಗೆ ಬರುತ್ತಿದೆ ಅಂತ.

ರಾತ್ರಿಯ ಲೈಟಿಗೆ: ಗಾಡಿ ನಿಲ್ಲಿಸಿ ದೂರದ ಒಂದು ಬೀದಿದೀಪ ನೋಡಿ. ಮೊದಲು ತಲೆ ಹೊರಗೆ ಹಾಕಿ, ಗ್ಲಾಸ್ ಇಲ್ಲದೆ ನೋಡಿ. ಆಗಲೂ ಎರಡಾಗಿ ಕಂಡರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು. ಒಂದೇ ಕಂಡರೆ ಗ್ಲಾಸಿನ ಒಳಮೈ ಅರ್ಧ ಮಾತ್ರ ಒರೆಸಿ ಮತ್ತೆ ನೋಡಿ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಎಣ್ಣೆಯಂಥ ಆವಿ ಎದ್ದು ಒಳಗಡೆ ತೆಳು ಪೊರೆ ಕಟ್ಟುತ್ತದೆ. ಮಂಜಿನ ಹಾಗೆ ಬೆಳಕು ಹರಡುವುದು ಹೆಚ್ಚಾಗಿ ಅದರಿಂದ. ಒರೆಸಿದ ಮೇಲೂ ಲೈಟಿನ ಮೇಲೆ ಇನ್ನೊಂದು ಮಸುಕು ಲೈಟ್ ಉಳಿದರೆ ಗ್ಲಾಸೇ ಕೆಟ್ಟದ್ದು. ಮುಂದಿನ ಗ್ಲಾಸ್ ಅಂದರೆ ಎರಡು ಗಾಜು, ಮಧ್ಯೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ. ಈಗಿನ ಕಾರುಗಳಲ್ಲಿ ಅದು ತುಂಬಾ ಒರಗಿಕೊಂಡಿರುತ್ತದೆ. ದಪ್ಪದಲ್ಲೋ ಬಾಗಿನಲ್ಲೋ ಸ್ವಲ್ಪ ಏರುಪೇರಾದರೂ ಬೆಳಕು ಒಳಗೊಳಗೇ ಪ್ರತಿಫಲಿಸಿ ಎರಡನೇ ಬಿಂಬ ಬೇರೆಯಾಗಿ ಬಿಡುತ್ತದೆ.

ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಅಂತ ಇದೆಯಾ ನೋಡಿ. ಫಿಲಂ ಮಾತ್ರ ಬೇಡ. ಮುಂದಿನ ಗ್ಲಾಸಿನಲ್ಲಿ ಕಡಿಮೆ ಅಂದರೂ ಶೇ. 70 ಬೆಳಕು ಹಾದುಹೋಗಬೇಕು ಅಂತ ಮೋಟಾರು ವಾಹನ ನಿಯಮ 100 ಹೇಳುತ್ತದೆ. ನಿಯಮ ಬಿಡಿ, ಲೈಟಿಲ್ಲದ ಟ್ರ್ಯಾಕ್ಟರ್ ಕಾಣದಿದ್ದಾಗ ಇರುವ ಬೆಳಕನ್ನೂ ಕಡಿಮೆ ಮಾಡಿಕೊಳ್ಳುವುದು ಯಾಕೆ?

ಹೂಟಗಳ್ಳಿ_77:

ಏರ್‌ಬ್ಯಾಗ್ ವಿಷಯ ಗೊತ್ತಿರಲಿಲ್ಲ ಅಣ್ಣ. ನನ್ನ ಸಲಹೆ ತಪ್ಪು, ಯಾರೂ ಹಾಗೆ ಮಾಡಬೇಡಿ.

ಕುವೆಂಪುನಗರ_ಕೆಮಿಸ್ಟ್ರಿ:

ಎಲ್ಲ ಮಾಡಿದೆ. ಎಸಿ ಹಾಕದೆಯೂ ಮ್ಯಾಟ್ ಒದ್ದೆಯಾಯಿತು. ಪೈಪಿನಲ್ಲಿ ನೀರು ಬಿಟ್ಟಾಗ ಎಡಗಡೆ ಕೆಳಮೂಲೆಯಿಂದ ಸುಮಾರು ಒಂದು ಗೇಣು ಮೇಲೆ ನುಗ್ಗಿತು. ಟೇಪ್ ಹಾಕಿದ ಮೇಲೆ ಸಿಳ್ಳೆ ನಿಂತಿತು. ಸೋಪಿನ ಗುಳ್ಳೆಯೂ ಅದೇ ಜಾಗದಲ್ಲಿ. ರಾತ್ರಿ ತಲೆ ಹೊರಗೆ ಹಾಕಿ ನೋಡಿದರೆ ದೀಪ ಒಂದೇ. ಒರೆಸಿದ ಅರ್ಧದಲ್ಲಿ ಮಂಜು ಹೋಯಿತು, ಮಸುಕು ದೀಪ ಹಾಗೇ ಉಳಿಯಿತು. ಹಗಲಲ್ಲಿ ಎದುರುಮನೆ ಗ್ರಿಲ್ ನೋಡುತ್ತಾ ತಲೆ ಅಲ್ಲಾಡಿಸಿದರೆ ಕಂಬಿಗಳು ನೀರಿನಲ್ಲಿ ಕಂಡ ಹಾಗೆ ಬಳುಕುತ್ತವೆ. ಮೂಲೆಯಲ್ಲಿ ಐಎಸ್‌ಐ ಗುರುತು ಇಲ್ಲ.

1903ರಲ್ಲಿ ಎದ್ವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಬಿದ್ದಿತಂತೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. ಪದರದ ಗಾಜು ಹುಟ್ಟಿದ್ದು ಹೀಗೆ ಅಂತ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಜಲ್ಲಿ ಕಲ್ಲು ಬಡಿದಾಗ ನನ್ನ ಮುಖಕ್ಕೆ ಚೂರು ಸಿಡಿಯಲಿಲ್ಲ ಅಂದರೆ ಕಾರಣ ಅದೇ. ಗಾಜಿನ ಬಗ್ಗೆ ಇಷ್ಟು ಗೊತ್ತಿದ್ದೂ ಅದನ್ನು ಹಿಡಿದಿರುವ ಅಂಟಿನ ಬಗ್ಗೆ ಕೇಳಲಿಲ್ಲವಲ್ಲ ಅಂತ ಬೇಜಾರಾಯಿತು.

ಗ್ಲಾಸ್_ಮಂಡ್ಯ:

ಹಾಗಾದರೆ ಬಿಚ್ಚಿಸಲೇಬೇಕು ಮೇಡಂ. ನನ್ನ ಹತ್ತಿರವೇ ಬನ್ನಿ ಅನ್ನುತ್ತಿಲ್ಲ, ಎಲ್ಲಿ ಮಾಡಿಸಿದರೂ ಪಕ್ಕದಲ್ಲಿ ನಿಂತು ನೋಡಿ. ಬರಿಗೈಯಲ್ಲಿ ಅಂಟಿನ ಜಾಗ ಮುಟ್ಟಬಾರದು. ಹಳೇ ಪಿಯು ಇದ್ದರೆ ಒಂದೆರಡು ಮಿಲಿಮೀಟರ್ ತೆಳು ಪದರ ಬಿಟ್ಟು ಕೊಯ್ಯಬೇಕು, ಹೊಸದು ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಸಿಲಿಕಾನ್ ಸಿಕ್ಕರೆ ಒಂದು ಎಳೆಯೂ ಉಳಿಯದ ಹಾಗೆ ತೆಗೆಯಬೇಕು. ತಗಡು ಕಂಡ ಕಡೆ ಪ್ರೈಮರ್, ಅಂದರೆ ಅಂಟಿಗೆ ಮೊದಲು ಬಳಿಯುವ ಲೇಪ, ಹಚ್ಚಬೇಕು. ಗ್ಲಾಸಿನ ಸುತ್ತ ಇರುವ ಕಪ್ಪು ಪಟ್ಟಿಯಿಂದ ಅಂಟು ಆಚೆ ಬರಬಾರದು. ಬಿಸಿಲು ಅಂಟನ್ನು ತಿನ್ನದಿರಲಿ ಅಂತಲೇ ಆ ಪಟ್ಟಿ ಇರುವುದು.

ಎಷ್ಟು ಹೊತ್ತು ಓಡಿಸಬಾರದು ಅಂತ ಟ್ಯೂಬಿನ ಮೇಲೆ ಬರೆದಿರುತ್ತದೆ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಇಡೀ ರಾತ್ರಿ. ಅದನ್ನು ಓದಿಯೇ ಗಾಡಿ ತೆಗೆಯಿರಿ. ಮೊದಲ ದಿನ ಒಂದು ಕಿಟಕಿ ಸ್ವಲ್ಪ ಇಳಿಸಿರಿ, ಬಾಗಿಲು ಜೋರಾಗಿ ಬಡಿದರೆ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ.

ಪಾಂಡವಪುರ_ಟ್ಯಾಕ್ಸಿ:

ಅಣ್ಣ, ಇದೇ ಜಾಗದಲ್ಲಿ ಒಂದು ಪ್ರಶ್ನೆ. ಮೈಸೂರಿನ ಹಾರ್ಡಿಂಜ್ ಸರ್ಕಲ್ಲಿಗೆ ಸೇರುವಾಗ ಬಲಗಡೆಯಿಂದ ಬರುವ ಬೈಕು ಕಾಣುವುದೇ ಇಲ್ಲ, ಇದ್ದಕ್ಕಿದ್ದ ಹಾಗೆ ಬಾನೆಟ್ ಮುಂದೆ ಇರುತ್ತದೆ. ಹಳೇ ಗಾಡಿಯಲ್ಲಿ ಹೀಗಿರಲಿಲ್ಲ. ಇದೂ ಗ್ಲಾಸಿನ ತೊಂದರೆಯಾ?

ಗ್ಲಾಸ್_ಮಂಡ್ಯ:

ಅದು ಪಿಲ್ಲರಿನ ತೊಂದರೆ. ಚಾವಣಿ ಗಟ್ಟಿಯಿರಲಿ ಅಂತ ಗ್ಲಾಸಿನ ಅಕ್ಕಪಕ್ಕದ ಕಂಬಗಳನ್ನು ಈಗ ದಪ್ಪ ಮಾಡಿದ್ದಾರೆ, ಗ್ಲಾಸಿನ ಜೊತೆ ಅವನ್ನೂ ಒರಗಿಸಿದ್ದಾರೆ. ನಮ್ಮದು ಬಲಗಡೆ ಸ್ಟೀರಿಂಗ್, ಹಾಗಾಗಿ ಬಲ ಪಿಲ್ಲರ್ ಕಣ್ಣಿಗೆ ಹತ್ತಿರ, ಜಾಸ್ತಿ ಮರೆ ಮಾಡುತ್ತದೆ. ಸರ್ಕಲ್ಲಿನಲ್ಲಿ ಗಾಡಿಗಳು ಬರುವುದೂ ಬಲದಿಂದಲೇ. ಅಪಾಯ ಏನೆಂದರೆ, ನೀವೂ ಬೈಕಿನವನೂ ಒಂದೇ ಜಾಗಕ್ಕೆ ಸಮ ವೇಗದಲ್ಲಿ ಬರುತ್ತಿದ್ದರೆ ಅವನು ಪಿಲ್ಲರಿನ ಹಿಂದೆಯೇ ಉಳಿಯುತ್ತಾನೆ. ಅತ್ತಿತ್ತ ಸರಿಯುವುದೇ ಇಲ್ಲ. ಕಣ್ಣಿಗೆ ಬೀಳುವುದು ಕೊನೆ ಕ್ಷಣದಲ್ಲಿ.

ಕಣ್ಣು ಮಾತ್ರ ಹೊರಳಿಸಿದರೆ ಸಾಲದು. ಸೀಟಿನಿಂದ ಬೆನ್ನು ಬಿಡಿಸಿ ಮುಂದಕ್ಕೆ ಬಗ್ಗಿ, ಒಮ್ಮೆ ಹಿಂದಕ್ಕೆ ಬಂದು ನೋಡಿ. ಸರ್ಕಲ್ ಹತ್ತಿರ ವೇಗ ಸ್ವಲ್ಪ ಏರಿಳಿತ ಮಾಡಿ, ಮರೆಯಲ್ಲಿದ್ದವನು ಹೊರಗೆ ಬರುತ್ತಾನೆ. ಪಿಲ್ಲರ್ ಪಕ್ಕ ಮೊಬೈಲ್ ಸ್ಟ್ಯಾಂಡ್ ಇದ್ದರೆ ತೆಗೆಯಿರಿ. ಎಡಗಡೆ ಏರ್‌ಬ್ಯಾಗ್ ಮುಚ್ಚಳದ ಮೇಲೆ ದೇವರ ವಿಗ್ರಹ ಅಂಟಿಸಿದ್ದರೆ ಅದನ್ನೂ ಭಕ್ತಿಯಿಂದಲೇ ಬೇರೆ ಕಡೆ ಇಡಿ. ಏರ್‌ಬ್ಯಾಗ್ ಎದ್ದಾಗ ಅದು ಕಲ್ಲಿನ ಹಾಗೆ ಮುಖಕ್ಕೆ ಬರುತ್ತದೆ.

ಪಾಂಡವಪುರ_ಟ್ಯಾಕ್ಸಿ:

ಇವತ್ತು ಬಗ್ಗಿ ನೋಡಿ ಸೇರಿದೆ ಅಣ್ಣ. ಎರಡು ಸಲ ಸ್ಕೂಟರ್ ಸಿಕ್ಕಿತು. ಮೊಬೈಲ್ ಸ್ಟ್ಯಾಂಡ್ ಮಧ್ಯಕ್ಕೆ ಹಾಕಿದೆ.

ಕುವೆಂಪುನಗರ_ಕೆಮಿಸ್ಟ್ರಿ:

ನಿನ್ನೆ ಮೈಸೂರಿನಲ್ಲೇ ಬೇರೆ ಕಡೆ ಬಿಚ್ಚಿಸಿದೆ. ವೈರ್ ಹಾಕಿ ಅಂಟು ಕೊಯ್ಯಬೇಕು ಅಂತ ತಯಾರಾಗಿ ಬಂದಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ಇಬ್ಬರು ಒಳಗಿನಿಂದ ಅಂಗೈಯಲ್ಲಿ ತಳ್ಳಿದರು, ಗ್ಲಾಸ್ ಎದ್ದು ಬಂತು. ಹೋದ ತಿಂಗಳು ಪೂರ್ತಿ ನನ್ನ ಮಗಳು ಅದರ ಹಿಂದೆ ಕೂತು ಸ್ಕೂಲಿಗೆ ಹೋಗಿದ್ದಾಳೆ. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಸುತ್ತಲೂ ಸಿಲಿಕಾನ್. ಎಡಗಡೆ ನಾಲ್ಕು ಬೆರಳಗಲ ಜಾಗದಲ್ಲಿ ಅದೂ ಇರಲಿಲ್ಲ. ಎರಡು ಕಡೆ ಆಗಲೇ ತುಕ್ಕು. ಅದೆಲ್ಲ ತೆಗೆದು, ಪ್ರೈಮರ್ ಹಾಕಿ, ಐಎಸ್‌ಐ ಗುರುತಿನ ಗ್ಲಾಸ್ ಕೂರಿಸಲು ನಾಲ್ಕು ಗಂಟೆ ಹಿಡಿಯಿತು. ಗಾಡಿ ರಾತ್ರಿ ಅಲ್ಲೇ ಬಿಟ್ಟೆ. ಹಳೇ ಅಂಗಡಿಯವರು ದುಡ್ಡು ವಾಪಸ್ ಕೊಡುವ ಬಗ್ಗೆ ಇನ್ನೂ ಮಾತಾಡಿಲ್ಲ. ಬಿಚ್ಚುವಾಗ ತೆಗೆದ ಫೋಟೋ ಎಲ್ಲ ಇಟ್ಟುಕೊಂಡಿದ್ದೇನೆ.

ಇವತ್ತು ಸಂಜೆ ಮಂಡ್ಯದಿಂದ ಬಂದೆ. ಸಿಳ್ಳೆ ಇಲ್ಲ. ಎದುರಿನ ಲೈಟು ಒಂದೇ. ಇಂಡುವಾಳು ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು, ಈ ಸಲ ದೂರದಿಂದಲೇ ಕಂಡಿತು. ಒಂದು ಮಾತು ಹೇಳಲು ಮರೆತೆ. ಫಾಸ್ಟ್‌ಟ್ಯಾಗ್ ಹಳೇ ಗ್ಲಾಸಿನ ಜೊತೆಗೇ ಹೋಗುತ್ತದೆ, ಕಿತ್ತು ಅಂಟಿಸಿದರೆ ಕೆಲಸ ಮಾಡುವುದಿಲ್ಲ. ಗ್ಲಾಸ್ ಬದಲಾಯಿಸುವವರು ಹೊಸದಕ್ಕೆ ಮೊದಲೇ ಅರ್ಜಿ ಹಾಕಿ.