ಐರೋಲಿ ಖಾಡಿಯ ತಿವರ ಬೋಳಾಗಿದೆ: ಇದು ತೇಗದ ಪತಂಗವೇ?

ಖಾಡಿಬದಿ:
ಮುಂಬಯಿ ಪಕ್ಕದ ಐರೋಲಿ ಕಡೆ ಠಾಣೆ ಖಾಡಿಯ (ಸಮುದ್ರದ ಕವಲು) ಕಾಂಡ್ಲಾದಲ್ಲಿ (ಉಪ್ಪುನೀರಿನ ಮ್ಯಾಂಗ್ರೋವ್ ಕಾಡು) ತಿವರ (ನಮ್ಮೂರ ಕಡೆಯ ಉಪ್ಪಟ್ಟಿ, ಅವಿಸೆನಿಯಾ ಮರೀನಾ) ಮಾತ್ರ ಬೋಳು, ಪಕ್ಕದ ಗಿಡಗಳೆಲ್ಲ ಹಸಿರು. ಕಪ್ಪು ಹುಳುಗಳು ನೂಲು ಬಿಟ್ಟು ತೂಗಾಡುತ್ತಿವೆ. ದೀಪದಡಿ ಕಂದು ಪತಂಗ. ತೇಗದ್ದೇನಾ? ಸಾಕಿ ಖಚಿತಪಡಿಸಿಕೊಳ್ಳುವುದು ಹೇಗೆ? ಔಷಧಿ ಹೊಡೆಸಬೇಕೇ?

ಮುಂರೆಕ್ಕೆ:
ಮಳೆಗಾಲದ ಕೊನೆಗೆ ಮುಂಬಯಿಯ ತಿವರವನ್ನು ಹೀಗೆ ಬೋಳಿಸುವುದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಹುಳು. ತೇಗದ ಎಲೆ ತಿನ್ನುವುದೂ ಇದೇ. ಆದರೆ ಮುಚ್ಚಿದ ರೆಕ್ಕೆ ನೋಡಿ ಹೆಸರಿಡಬೇಡಿ. ಮುಂರೆಕ್ಕೆ ಬೂದುಗಂದಿನಿಂದ ಕೆಂಗಂದಿನವರೆಗೆ ಒಂದೊಂದರಲ್ಲಿ ಒಂದೊಂದು ಥರ. ಗುರುತಿರುವುದು ಹಿಂರೆಕ್ಕೆಯಲ್ಲಿ: ಕಪ್ಪುಗಂದಿನ ಮೇಲೆ ಕಿತ್ತಳೆ-ಹಳದಿ ಮಚ್ಚೆಪಟ್ಟೆ. ಕೂತಾಗ ಅದು ಕಾಣುವುದೇ ಇಲ್ಲ. ಹುಲ್ಲುಕಡ್ಡಿಯಿಂದ ಮುಂರೆಕ್ಕೆಯನ್ನು ಮೆಲ್ಲಗೆ ಸರಿಸಿ ಫೋಟೊ ತೆಗೆಯಿರಿ. ತಲೆಯ ಮುಂದೆ ಕೊಕ್ಕಿನಂತೆ ಚಾಚಿದ ಪ್ಯಾಲ್ಪ್ (ಬಾಯಿಯ ಪಕ್ಕದ ಸ್ಪರ್ಶಾಂಗ) ಕೂಡ ಬರಲಿ. ಬಿಚ್ಚಿದ ರೆಕ್ಕೆಯ ಅಗಲ 3–4 ಸೆಂ.ಮೀ. ಕಿತ್ತಳೆ ಕಂಡ ಕೂಡಲೇ 'ಹಣ್ಣು ಚುಚ್ಚುವ ಪತಂಗ' ಅನ್ನುವವರಿದ್ದಾರೆ. ಅದು ಇದರ ಎರಡು ಪಟ್ಟು ದೊಡ್ಡದು!

ಜಾಡಿಮುಚ್ಚಳ:
ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯದ ಗಡಿಯೊಳಗಿಂದ ಅನುಮತಿಯಿಲ್ಲದೆ ಹುಳು ತರಬೇಡಿ. ಹೊರಗಿನದಾದರೆ ಒಂದು ಜಾಡಿಗೆ ಮೂರ್ನಾಲ್ಕು ಸಾಕು. ಬಾಯಿಗೆ ಮಲ್‌ಮಲ್ ಬಟ್ಟೆ, ತಳಕ್ಕೆ ಟಿಶ್ಯೂ. ಟೊಂಗೆಯನ್ನು ಚಿಕ್ಕ ನೀರಿನ ಶೀಶೆಯಲ್ಲಿಟ್ಟು ಶೀಶೆಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಇಳಿದು ಮುಳುಗುತ್ತದೆ. ಎಲೆ, ಟಿಶ್ಯೂ ದಿನಾ ಬದಲಿಸಿ.

ಮೊಟ್ಟೆ ಎರಡು ದಿನದಲ್ಲಿ ಒಡೆಯುತ್ತದೆ. ಹುಳುವಿಗೆ ಐದು ಹಂತ, ಬೆಚ್ಚಗಿದ್ದರೆ 10–12 ದಿನ. ಮೊದಲೆರಡು ಹಂತದಲ್ಲಿ ಎಲೆಯ ಮೇಲ್ಮೈ ಕೆರೆಯುತ್ತದೆ. ಮೂರನೆಯದರಿಂದ ಎಲೆಯಂಚು ಕತ್ತರಿಸಿ ಮಡಚಿ ಅದರೊಳಗಿದ್ದು ತಿನ್ನುತ್ತದೆ. ಕೋಶ (ಪ್ಯೂಪಾ) 6–8 ದಿನ. ತೇಗದ ಕಾಡಲ್ಲಿ ಕೋಶಕ್ಕಾಗಿ ತರಗೆಲೆಯಡಿ ಇಳಿಯುತ್ತದೆ. ಇಲ್ಲಿ ಭರತದ ನೀರು ಬರುವುದರಿಂದ ಎಲೆ ಮಡಿಕೆಗಳನ್ನೂ ಹುಡುಕಿ. ಕೋಶದ ಪಕ್ಕ ಒಂದು ಒರಟು ಕಡ್ಡಿ ನಿಲ್ಲಿಸಿ. ಮೇಲೇರಿ ನೇತಾಡಲು ಜಾಗ ಸಿಗದ ಪತಂಗದ ರೆಕ್ಕೆ ಸುರುಟಿಕೊಂಡೇ ಒಣಗುತ್ತದೆ.

ಹೆಚ್ಚು ಸಾಯುವುದು ವೈರಸ್ಸಿನಿಂದ. ಹುಳು ಮೆತ್ತಗಾಗಿ, ಚರ್ಮ ಒಡೆದು ನೀರಿಳಿದರೆ ಆ ಜಾಡಿಯಿಡೀ ಖಾಲಿ ಮಾಡಿ ಬ್ಲೀಚ್‌ನಲ್ಲಿ ತೊಳೆಯಿರಿ. ಕಿಕ್ಕಿರಿದಷ್ಟೂ ಬೇಗ ಹರಡುತ್ತದೆ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ತೇಗದ ತೋಟಗಳಿಗೆ ಹತೋಟಿ ಮದ್ದು ಮಾಡಿದ್ದು ಇದೇ ವೈರಸ್ಸಿನಿಂದ.

ಖಾಡಿಬದಿ:
ಹಿಂರೆಕ್ಕೆ ಕಿತ್ತಳೆಯೇ. ಔಷಧಿಯ ವಿಷಯ?

ಉಪ್ಪುನೀರು:
ಬೇಡ. ಎಲೆ ಹೆಚ್ಚಾಗಿ ಖಾಲಿಯಾಗುವುದು ಹುಳುವಿನ ಕೊನೆಯ ಹಂತದಲ್ಲಿ, ಅಂದರೆ ನಿಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧದಷ್ಟು ಹುಳುಗಳು ಕೋಶವಾಗಿರುತ್ತವೆ. ಸಿಂಪಡಿಸಿದ್ದು ಇಳಿತದ ನೀರಲ್ಲಿ ಸೀದಾ ಏಡಿ, ಸಿಗಡಿಗೆ. ಹುಳುವಿನ ಮೇಲೆ ಬೆಳೆಯುವ ಪರಾವಲಂಬಿ ಕಣಜಗಳೂ ಸಾಯುತ್ತವೆ. ಟೊಂಗೆಯ ತೊಗಟೆ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಕೆಲವೇ ವಾರಗಳಲ್ಲಿ ಚಿಗುರುತ್ತದೆ. ಬೋಳೆಂದು ಕಡಿಯಲು ಬಿಡಬೇಡಿ.