ಮುಖಕ್ಕೆ ಅಕ್ಯುಪಂಕ್ಚರ್ ಮಾಡಿಸಿಕೊಂಡವರು ತುಮಕೂರಿನಲ್ಲಿ ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶಿರಾ ಗೇಟ್ ಕಡೆ ಇರುವ ನಮ್ಮ ಅಕ್ಕನಿಗೆ ಐವತ್ತರ ಹತ್ತಿರ. ಸುಕ್ಕು ಹೋಗುತ್ತದೆ, ಕೆನ್ನೆ ಬಿಗಿಯಾಗುತ್ತದೆ ಅಂತ ಯಾರೋ ಹೇಳಿದ್ದನ್ನು ಕೇಳಿ ಮುಖಕ್ಕೆ ಅಕ್ಯುಪಂಕ್ಚರ್, ಅಂದರೆ ಔಷಧಿ ಇಲ್ಲದ ತೆಳು ಸೂಜಿ ಹಾಕಿಸಿಕೊಳ್ಳಲು ಹೊರಟಿದ್ದಾರೆ. ಆ ಆಸೆ ತಪ್ಪಲ್ಲ, ಇಷ್ಟು ವರ್ಷ ಮನೆಗೇ ದುಡಿದವರು. ಆದರೆ ನಿಜಕ್ಕೂ ಬದಲಾವಣೆ ಕಾಣುತ್ತದಾ?

ನಾನು ಓದಿದ್ದು 2013ರ ಕೊರಿಯಾದ ಒಂದು ಸಣ್ಣ ಅಧ್ಯಯನ. 40ರಿಂದ 59 ವರ್ಷದ 28 ಹೆಂಗಸರಿಗೆ 3 ವಾರದಲ್ಲಿ 5 ಸಲ ಸೂಜಿ ಹಾಕಿದರು, ಚರ್ಮದ ಬಿಗಿ ಸುಧಾರಿಸಿತು ಅಂತ ಬರೆದಿದ್ದಾರೆ, ಆದರೆ ಹೋಲಿಸಿ ನೋಡಲು ಸೂಜಿ ಹಾಕಿಸಿಕೊಳ್ಳದ ಗುಂಪೇ ಇರಲಿಲ್ಲ, ಹಾಗಿದ್ದಮೇಲೆ ಸೂಜಿಯಿಂದಲೇ ಆಯಿತು ಅಂತ ಹೇಗೆ ನಂಬುವುದು, ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಬೇರೆ. ಅಕ್ಕ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ. ಚುಚ್ಚಿದ ಕಡೆ ನೀಲಿಗಟ್ಟುವುದು ಎಲ್ಲರಿಗೂ ಆಗಬಹುದು, ಇವರಿಗೆ ಇನ್ನೂ ಹೆಚ್ಚು.

ಮಾಡಿಸಿಕೊಂಡವರು ದಯವಿಟ್ಟು ಹೇಳಿ. ಮನೆಯವರು ಬದಲಾವಣೆ ಗುರುತಿಸಿದರಾ, ಅಥವಾ ನಿಮಗೆ ಮಾತ್ರ ಹಾಗೆ ಅನ್ನಿಸಿತಾ? ಎಷ್ಟು ದಿನ ಉಳಿಯಿತು? ಪ್ರತಿ ಸಲ ಹೊಸ ಸೂಜಿ ನಿಮ್ಮೆದುರೇ ಬಿಚ್ಚಿದರಾ? ಒಂದೇ ಬೆಳಕಿನಲ್ಲಿ ತೆಗೆದ ಮುಂಚಿನ, ಆಮೇಲಿನ ಫೋಟೋ ಇದ್ದರೆ ಕಳಿಸಿ. ಊರಲ್ಲಿ ಸಮಾಧಾನವಾಗಿ ಮಾತಾಡುವ ಚರ್ಮದ ಡಾಕ್ಟರ್ ಗೊತ್ತಿದ್ದರೂ ತಿಳಿಸಿ, ಮೊದಲು ಅವರಿಗೇ ತೋರಿಸುತ್ತೇನೆ.