‘ನೌಕಾಘಾತ’ಕ್ಕೆ ಕರಾವಳಿಯಲ್ಲಿ ಏನನ್ನುತ್ತಾರೆ?

ಮಾನ್ಯರೇ,

ನಮ್ಮ ಕರಾವಳಿಯ ಸಮುದ್ರ ದುರಂತಗಳ ನೆನಪುಗಳನ್ನು ಬರೆದಿಡುವಾಗ ಹಡಗು, ದೋಣಿಗಳು ಒಡೆದೋ ಮುಳುಗಿಯೋ ನಾಶವಾಗುವುದಕ್ಕೆ ಬಳಸುವ ‘ನೌಕಾಘಾತ’ ಎಂಬ ಗ್ರಾಂಥಿಕ ಪದ ನನಗೆ ತೊಡಕಾಗಿದೆ. ಸಮಾಸವಾಗಿ ಅದರಲ್ಲಿ ದೋಷವಿಲ್ಲ. ಆದರೆ ಬೋಟಿಗೆ ಏನಾಯಿತೆಂಬುದನ್ನು ಅದು ಹೇಳುವುದಿಲ್ಲ, ಮೀನುಗಾರರ ಮನೆಗಳಲ್ಲಿ ಮೊದಲು ಕೇಳುವುದೇ ಅದನ್ನು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಮಂಗಳೂರು–ಉಡುಪಿ ಕಡಲಲ್ಲಿ ಎರಡು ಟಗ್‌ಗಳು (ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ನೌಕೆಗಳು) ಸಿಕ್ಕಿಕೊಂಡವು. ‘ಅಲಯನ್ಸ್’ ಮಗುಚಿ ಜೀವಹಾನಿಯಾಯಿತು. ‘ಕೋರಮಂಡಲ ಸಪೋರ್ಟರ್’ ಮೂಲ್ಕಿ ಕಡೆಯ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಮಂದಿಯನ್ನೂ ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯವರು ಜೀವಂತ ಕರೆತಂದರು. ಎರಡನ್ನೂ ‘ನೌಕಾಘಾತ’ವೆಂದರೆ ಸತ್ತವರೂ ಉಳಿದವರೂ ಒಂದೇ ಸಾಲಿಗೆ ಬರುತ್ತಾರೆ.

ಮಲ್ಪೆಯ ‘ಸುವರ್ಣ ತ್ರಿಭುಜ’ದ್ದು ಇನ್ನೂ ಕಠಿಣ. 2018ರ ಡಿಸೆಂಬರಿನಲ್ಲಿ ಆಳಸಮುದ್ರ ಮೀನುಗಾರಿಕೆಗೆ ಹೋದ ಆ ಬೋಟು 7 ಮೀನುಗಾರರೊಂದಿಗೆ ಸಂಪರ್ಕ ಕಳೆದುಕೊಂಡಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಅದರ ಅವಶೇಷವನ್ನು ಪತ್ತೆಹಚ್ಚುವವರೆಗೂ ಅದನ್ನು ‘ಮುಳುಗಿತು’ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಎನ್ನುವುದು ನ್ಯಾಯವೂ ಆಗಿರಲಿಲ್ಲ. ‘ನಾಪತ್ತೆ’ ಎಂಬ ಪೊಲೀಸ್ ದಫ್ತರದ ಮಾತೇ ಅಷ್ಟು ತಿಂಗಳು ಆಸೆಯನ್ನೂ ಹಿಡಿದಿಟ್ಟಿತು. ಅವಶೇಷ ಸಿಕ್ಕ ಮೇಲೂ ಹಳೆಯ ಸಂಗತಿಯನ್ನು ಹೇಳುವಾಗ ‘ನಾಪತ್ತೆಯಾದ’ ಎಂದೇ ಬರೆಯಬೇಕೋ, ‘ಮುಳುಗಿದ’ ಎಂದು ತಿದ್ದಬೇಕೋ ಎಂಬುದು ನನ್ನ ಮೊದಲ ಪ್ರಶ್ನೆ.

ಗಾಳಿಯ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ‘ಚಂಡಮಾರುತ’, ದಡದಲ್ಲಿ ‘ತೂಫಾನು’ ಎಂದರೆ ಬೋಟು ಇಳಿಸಲಾಗದ ಕಡಲು, ಅದಕ್ಕೆ ಅಳತೆ ಬೇಕಿಲ್ಲ.

ಎರಡನೆಯ ಪ್ರಶ್ನೆ ಅಳಿವೆಬಾಗಿಲಿನದು. ನದಿ ಕಡಲು ಸೇರುವಲ್ಲಿ ಹೂಳು ತುಂಬಿ, ಒಳಬರುವ ಬೋಟಿನ ತಳ ಮರಳಿಗೆ ತಾಗಿ, ಹಿಂದಿನಿಂದ ಬಂದ ಅಲೆ ಅದನ್ನು ಅಡ್ಡ ತಿರುಗಿಸಿ ಒಡೆಯುವ ಅವಘಡಕ್ಕೆ ‘ಮಗುಚಿತು’ ಎಂದರೆ ಅರ್ಧ ಮಾತ್ರ ಹೇಳಿದಂತೆ. ಗಂಗೊಳ್ಳಿ, ಹೊನ್ನಾವರ, ಬೆಂಗ್ರೆಯ ತಾಂಡೇಲರು (ಬೋಟು ನಡೆಸುವವರು) ಇದಕ್ಕೆ ಕುಂದಾಪ್ರ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬಳಸುವ ಕ್ರಿಯಾಪದವನ್ನು ಬಲ್ಲವರು, ಒಂದು ಪೂರ್ಣ ವಾಕ್ಯದಲ್ಲಿ ಬಳಸಿ, ಅದು ಯಾವ ಊರಿನ ಮಾತೆಂಬುದನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ.